ಒಂಚೂರು ಔಟ್

ಗಲ್ಫ್ ಅಣ್ಣ ಸರಿ ಮಾಡಿದ ಮೇಲೆ ಅವರ ಮನೆಯ ಫ್ಯಾನು ಎರಡನೇ ನಂಬರಿನಲ್ಲಿ ಮಾತ್ರ ತಿರುಗುತ್ತದೆ, ಗೇಟು ಒಳಗಿನಿಂದ ಮಾತ್ರ ತೆರೆಯುತ್ತದೆ. ತೋಟದ ಪಂಪು ಈಗಲೂ ಚೆನ್ನಾಗಿ ಓಡುತ್ತಿರುವುದು ಅದರ ಶೆಡ್ಡಿನ ಕೀಲಿಕೈ ಅತ್ತಿಗೆಯ ಹತ್ತಿರ ಇರುವುದರಿಂದ.

ಮನೆಯಲ್ಲಿ ಸರಿ ಮಾಡಲು ಇನ್ನೇನೂ ಉಳಿಯದ ಕಾರಣ ಅವರು ಬೆಳಿಗ್ಗೆ ಸಿದ್ಧಕಟ್ಟೆ ಪೇಟೆಗೆ ಬಂದು, ಮೂಡುಬಿದಿರೆ ಬಸ್ಸಿಗೆ ಕಾಯುವ ನೆಪದಲ್ಲಿ ಆಚಾರ್ರ ಶೆಡ್ಡಿನಲ್ಲಿ ಕೂರುತ್ತಾರೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ.

ನನ್ನ ಕಪಾಟಿನ ಬಾಗಿಲು ಕೊಯ್ಯಿಸಲು ಹೋದ ದಿನವೂ ಇದ್ದರು. ಆಚಾರ್ರದು ಪ್ಯಾನಲ್ ಸಾ ಮೆಷಿನ್. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ಡನ್ನು ಜಾರುವ ಟೇಬಲಿನ ಮೇಲಿಟ್ಟು ದೂಡಿದರೆ ಅದು ಹಳಿಯ ಮೇಲೆ ಹೋಗಿ ಬ್ಲೇಡಿಗೆ ಮೈಯೊಡ್ಡುತ್ತದೆ. ಅವತ್ತು ಕೊಯ್ದ ಅಂಚು ಕಪ್ಪಾಗಿತ್ತು. ಕರಟಿದ ಹಪ್ಪಳದಂಥ ವಾಸನೆ.

"ಎಂತ ಆಚಾರ್ರೆ, ಟೇಬಲ್ ಒಂಚೂರು ಔಟ್ ಉಂಟಲ್ಲ!" ಎಂದು ಅಣ್ಣ ಕಿಸೆಯಿಂದ ಅಲೆನ್ ಕೀ ತೆಗೆದರು. ಬೇರೆಯವರು ಅಲ್ಲಿ ಕವಳ ಇಟ್ಟುಕೊಳ್ಳುತ್ತಾರೆ. ದುಬೈಯಲ್ಲಿ ಅವರು ಇದ್ದದ್ದು ಬೇಕರಿಯಲ್ಲಿ. ಆದರೆ ಬೇಕರಿಯ ಪಕ್ಕದಲ್ಲೇ ಮರದ ಫ್ಯಾಕ್ಟರಿ ಇತ್ತಂತೆ.

ಆಚಾರ್ರು ತಾಳ್ಮೆಯವರು. ಟೇಬಲಿಗೆ ಡಯಲ್ ಗೇಜ್ ಕಟ್ಟಿ, ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ ಮುಟ್ಟಿಸಿದರು. ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು, ಟೇಬಲನ್ನೂ ದೂಡಿ ಮತ್ತೆ ಮುಟ್ಟಿಸಿದರು. ಮುಳ್ಳು ಮಿಲ್ಲಿಮೀಟರಿನ ಹತ್ತರಲ್ಲೊಂದಕ್ಕಿಂತಲೂ ಕಮ್ಮಿ ಸರಿಯಿತು.

"ಔಟ್!" ಅಣ್ಣ ತೊಡೆ ತಟ್ಟಿದರು.

"ಅದು ಬೇಕೆಂದೇ ಬಿಟ್ಟದ್ದು ಅಣ್ಣ. ಕೊಯ್ದ ಮರ ಹಿಂಬದಿಯಲ್ಲಿ ಕೂದಲೆಳೆಯಷ್ಟು ದೂರ ಹೋಗಬೇಕು. ಇಲ್ಲದಿದ್ದರೆ ಮೇಲೇಳುವ ಹಲ್ಲು ಅದನ್ನೇ ಪುನಃ ಕೆರೆಯುತ್ತದೆ. ಇದು ಬ್ಲೇಡಿಗೆ ಅಂಟು ಹಿಡಿದದ್ದು, ತೊಳೆದರಾಯಿತು."

"1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟುವಾಗ ನಿಮ್ಮ ಈ ಗೇಜ್ ಇತ್ತಾ?"

ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಬಾಗಿಲು ಇನ್ನೂ ಕೊಯ್ದಿರಲಿಲ್ಲ, ನುಂಗಿಕೊಂಡೆ.

ಆಚಾರ್ರು ಬ್ಲೇಡ್ ಬಿಚ್ಚಿ ತೊಳೆಯಲು ಹೊರಗೆ ಹೋದದ್ದೇ ತಪ್ಪು. ಐದೇ ನಿಮಿಷ. ಬ್ಲೇಡ್ ಫಳಫಳ ಹೊಳೆಯುತ್ತಾ ಬಂತು, ಹಲಗೆ ಹೋಯಿತು, ಹೊಗೆ ಮೊದಲಿನ ಎರಡರಷ್ಟು ಎದ್ದಿತು. ಅಣ್ಣ ಮಾಡಿನ ಹಂಚು ಎಣಿಸುತ್ತಿದ್ದರು.

ಆಚಾರ್ರು ಬೈಯಲಿಲ್ಲ. ಅಲೆನ್ ಕೀ ಇಸಿದುಕೊಂಡು, ಒಂದು ಗಂಟೆ ಕೂತು, ಟೇಬಲನ್ನು ಮೊದಲಿನ ಹಾಗೆ ಔಟ್ ಮಾಡಿದರು. ಈಗ ಅಂಚು ಬೆಣ್ಣೆ ಕೊಯ್ದ ಹಾಗೆ ಬಂತು.

ಅಣ್ಣ ಬಿಡುವವರೇ? ತಮ್ಮದೇ ಟೇಪ್ ಎಳೆದು ಬಾಗಿಲಿನ ಅಗಲ ಹಿಡಿದರು. "450 ಹೇಳಿದ್ದಲ್ವಾ? ಇಲ್ಲಿ 451 ಉಂಟು ನೋಡಿ!"

ಆಚಾರ್ರ ಟೇಪಿನಲ್ಲಿ 450. ಅಣ್ಣನದರಲ್ಲಿ ಮತ್ತೆ 451. ಆಚಾರ್ರು ಆ ಟೇಪಿನ ತುದಿಯ ಕೊಕ್ಕೆಯನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಲೂಸ್ ಇತ್ತು ಮಾರಾಯ್ರೆ," ಎಂದರು ಅಣ್ಣ ಹೆಮ್ಮೆಯಿಂದ. "ದುಬೈಯಿಂದ ತರುವಾಗಲೇ ಲೂಸ್. ಒಳಗೆ ಒತ್ತಿ, ಎಂ-ಸೀಲ್ ಹಾಕಿ ಗಟ್ಟಿ ಮಾಡಿದೆ."

ಟೇಪಿನ ಕೊಕ್ಕೆ ತನ್ನ ದಪ್ಪದಷ್ಟೇ ಆಡುವ ಹಾಗೆ ಕಂಪೆನಿಯವರೇ ಬಿಟ್ಟಿರುತ್ತಾರೆ. ಹೊರಗಿನಿಂದ ಎಳೆದು ಅಳೆದರೂ ಒಳಗಿನಿಂದ ಒತ್ತಿ ಅಳೆದರೂ ಲೆಕ್ಕ ಒಂದೇ ಬರಲಿ ಎಂದು. ಆಚಾರ್ರು ಇದನ್ನು ಹೇಳಲು ಬಾಯಿ ತೆರೆದು, ಅಣ್ಣನ ಮುಖ ನೋಡಿ, ಹುಡುಗನನ್ನು ಚಾ ತರಲು ಕಳಿಸಿದರು.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಅಣ್ಣ ಏಳಲಿಲ್ಲ. ಅವರ ಕಣ್ಣು ನನ್ನ ಸ್ಕೂಟರಿನ ಬಲಗಡೆಯ ಕನ್ನಡಿಯ ಮೇಲಿತ್ತು.

"ಅದು ಒಂಚೂರು..." ಎನ್ನುವಷ್ಟರಲ್ಲಿ ನಾನು ಸ್ಟಾರ್ಟ್ ಮಾಡಿಯಾಗಿತ್ತು. ಬಾಗಿಲು ತರಲು ಮರುದಿನ ಹೋದೆ, ನಡೆದುಕೊಂಡು.