250 ಕುದುರೆ, ಐದು ಮೀನು

ಬ್ಯಾಸ್ ಮೀನು ಎಲ್ಲಿಗೂ ಅವಸರದಲ್ಲಿ ಹೋಗುವ ಜೀವಿಯಲ್ಲ. ಮುಳುಗಿದ ಮರದ ಬೊಡ್ಡೆಯೋ ಜೊಂಡಿನ ಸಂದಿಯೋ ಸಿಕ್ಕಿದರೆ ಅಲ್ಲೇ ಹೊಂಚು ಹಾಕಿ ಕೂತು, ಬಾಯ ಮುಂದೆ ಬಂದದ್ದನ್ನು ನುಂಗಿಕೊಂಡಿರುತ್ತದೆ. ಇಂಥ ಮನೆ ಬಿಡದ ಪ್ರಾಣಿಯನ್ನು ಹಿಡಿಯಲೆಂದು ಅಮೆರಿಕನ್ನರು 20 ಅಡಿಯ ಫೈಬರ್‌ಗ್ಲಾಸ್ ದೋಣಿಯ ಬೆನ್ನಿಗೆ 250 ಅಶ್ವಶಕ್ತಿಯ ಎಂಜಿನ್ ಕಟ್ಟಿ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾರೆ. ಹೊಸ ಬ್ಯಾಸ್ ಬೋಟಿನ ಪರೀಕ್ಷೆಯೆಂದರೆ ಎಲ್ಲರೂ ಮೊದಲು ಕೇಳುವುದು ಈ ಗರಿಷ್ಠ ವೇಗವನ್ನೇ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ವಾದ. ಆ ವೇಗ ಹುಟ್ಟುವ ಬಗೆ ನೋಡಿ: ಟ್ಯಾಂಕಿನ ತಳದಲ್ಲಿಷ್ಟು ಪೆಟ್ರೋಲು, ಮೀನಿನ ತೊಟ್ಟಿ ಖಾಲಿ, ಸಾಮಾನೆಲ್ಲ ದಡದಲ್ಲಿ, ಚಾಲಕ ಒಬ್ಬನೇ, ಅವನೂ ಸಣಕಲ. ಟ್ರಿಮ್ ಗುಂಡಿ ಒತ್ತಿ ಎಂಜಿನ್ನನ್ನು ಹೊರಕ್ಕೆ ಓರೆ ಮಾಡಿದರೆ ದೋಣಿಯ ಮೂತಿ ಮೇಲೇಳುತ್ತದೆ. ನೀರಿಗೆ ತಾಗುವ ತಳ ಕುಗ್ಗಿ, ಹಿಂಭಾಗದ ಕಿರಿದಾದ ಪಟ್ಟಿಯೊಂದೇ ಉಳಿಯುತ್ತದೆ. ಎಳೆತ ಇಳಿಯಿತು, ವೇಗ ಏರಿತು. ಆದರೆ ಆ ಪಟ್ಟಿಯ ಮೇಲೆ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗುತ್ತದೆ. ಚೈನ್ ವಾಕ್ ಎಂಬ ಈ ನಾಟ್ಯವನ್ನು ಸ್ಟೀರಿಂಗಿನಲ್ಲಿ ತಿದ್ದುತ್ತ ಕೂತವನಿಗೆ ದೇವರ ಹೊರತು ಬೇರೇನೂ ನೆನಪಿರುವುದಿಲ್ಲ, ಮೀನಂತೂ ಇಲ್ಲವೇ ಇಲ್ಲ. ಹೀಗೆ ಬಂದ ಅಂಕಿ ಜಾತಕದ ಜೊತೆ ಕಳಿಸಿದ ಸ್ಟುಡಿಯೋ ಫೋಟೋದಂತೆ: ಸುಳ್ಳಲ್ಲ, ದಿನವೂ ಕಾಣುವ ಮುಖವೂ ಅಲ್ಲ.

ಸ್ಪರ್ಧೆಯಲ್ಲಿ ವೇಗ ಬೇಡವೇ ಎಂದು ಕೇಳುವವರಿದ್ದಾರೆ. ಕೇಳಲಿ, ನ್ಯಾಯವಾದ ಪ್ರಶ್ನೆಯೇ. 1967ರಲ್ಲಿ ರೇ ಸ್ಕಾಟ್ ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ ಪಂದ್ಯ ನಡೆಸಿದಂದಿನಿಂದ ಬ್ಯಾಸ್ ಹಿಡಿಯುವುದು ಗಡಿಯಾರಕ್ಕೆ ಕಟ್ಟಿದ ಕೆಲಸವಾಗಿದೆ. ಮೊದಲು ತಲುಪಿದವನಿಗೆ ಒಳ್ಳೆಯ ಜಾಗ, ತಡವಾಗಿ ಮರಳಿದವನಿಗೆ ದಂಡ. ಆದರೂ ಲೆಕ್ಕ ಹಾಕೋಣ. 20 ಕಿಲೋಮೀಟರ್ ದೂರದ ಜಾಗಕ್ಕೆ ಗಂಟೆಗೆ 100ರಂತೆ ಹೋದರೆ 12 ನಿಮಿಷ, 110ರಂತೆ ಹೋದರೆ ಸುಮಾರು 11. ಉಳಿದ ಆ ಒಂದು ನಿಮಿಷ, ಹಾರಿಹೋದ ಟೋಪಿ ಹುಡುಕಲಿಕ್ಕೂ ಸಾಲದು. ಗಾಳಿ ಎದ್ದು ಅಲೆ ಒರಟಾದ ಮೇಲಂತೂ 110ರ ಮಾತೇ ಇಲ್ಲ. ಆಗ ಬೇಕಾದದ್ದು ಇಬ್ಬರನ್ನೂ ತುಂಬಿದ ಟ್ಯಾಂಕನ್ನೂ ಹೊತ್ತು, ಆಕಾಶ ನೋಡದೆ ಬೇಗ ನೀರಿನ ಮೇಲಕ್ಕೆ ಬರುವ ದೋಣಿ. ಅಲೆಯನ್ನು ಸೀಳಿ ಹೋಗುವ ದೋಣಿ, ಸವಾರರ ಬೆನ್ನುಮೂಳೆಯನ್ನು ಎಣಿಸುವ ದೋಣಿಯಲ್ಲ. ಪ್ರೊಪೆಲ್ಲರಿನ ಪಿಚ್ ಬದಲಿಸಿ ಗರಿಷ್ಠ ವೇಗವನ್ನು ತುಸು ಬಿಟ್ಟುಕೊಟ್ಟರೂ ಈ ಗುಣ ಸಿಗುವುದಾದರೆ ಲಾಭವೇ.

ಇಷ್ಟಕ್ಕೂ ಜಾರ್ಜ್ ಪೆರಿ 1932ರಲ್ಲಿ ಜಾರ್ಜಿಯಾದಲ್ಲಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ಬ್ಯಾಸ್ ಇವತ್ತಿಗೂ ವಿಶ್ವದಾಖಲೆಯಲ್ಲಿದೆ. 2009ರಲ್ಲಿ ಜಪಾನಿನ ಬಿವಾ ಸರೋವರದ ಮೀನೊಂದು ಅದನ್ನು ಸರಿಗಟ್ಟಿತು, ಅಷ್ಟೇ. ಮೊದಲ ಬ್ಯಾಸ್ ಬೋಟ್ ಎನ್ನುವ ಸ್ಕೀಟರ್ ಹುಟ್ಟಿದ್ದೇ 1948ರಲ್ಲಿ. ಒಂದು ಅದೃಷ್ಟದ ಮೀನಿನಿಂದ ಸಿದ್ಧಾಂತ ಕಟ್ಟಬಾರದು, ಒಪ್ಪಿದೆ. ಆದರೆ ಇಂದಿಗೂ ದೊಡ್ಡ ಎಂಜಿನ್ ನಿಲ್ಲಿಸಿ, ಮುಂದಿನ ಪುಟ್ಟ ಟ್ರೋಲಿಂಗ್ ಮೋಟಾರನ್ನು ಕಾಲಲ್ಲಿ ತಿರುಗಿಸುತ್ತ ನಿಂತ ಮೇಲೆಯೇ ಗಾಳ ನೀರಿಗೆ ಬೀಳುವುದು. ಅಡ್ಡಗಾಳಿಯಲ್ಲಿ ದೋಣಿ ನಿಂತಲ್ಲಿ ನಿಲ್ಲುತ್ತದೆಯೇ, ಅಂಚಿಗೆ ಇಬ್ಬರೂ ಒಟ್ಟಿಗೆ ಬಂದರೆ ವಾಲುತ್ತದೆಯೇ ಎಂಬುದನ್ನು ಎಷ್ಟು ವರದಿಗಳು ಅಳೆಯುತ್ತವೆ? ಇನ್ನು ಸ್ಪರ್ಧೆಯಲ್ಲಿ ತೂಗಲೆಂದು ಹಿಡಿದ ಐದು ಮೀನುಗಳ ಪಾಡು ಕೇಳುವವರೇ ಇಲ್ಲ. ಅವನ್ನು ಕೊಲ್ಲುವಂತಿಲ್ಲ; ಗಾಳಿಯಾಡುವ ತೊಟ್ಟಿಯಲ್ಲಿಟ್ಟು ತಂದು, ತೂಗಿ, ನೀರಿಗೆ ಬಿಡಬೇಕು; ಸತ್ತ ಮೀನಿಗೆ ತೂಕದಲ್ಲಿ ಕಡಿತ. ಚಾಲಕನಿಗೆ ಲೈಫ್ ಜಾಕೆಟ್ ಇದೆ, ಮೆತ್ತನೆಯ ಸೀಟಿದೆ, ಬಿದ್ದರೆ ಎಂಜಿನ್ ಆರಿಸುವ ದಾರವಿದೆ, 2021ರಿಂದ ಅದಕ್ಕೆ ಫೆಡರಲ್ ಕಾನೂನಿನ ಬಲವೂ ಇದೆ. ಜನ್ಮದಲ್ಲಿ ಬೊಡ್ಡೆ ಬಿಟ್ಟು ಕದಲದ ಮೀನು ಮಾತ್ರ ಕತ್ತಲೆ ತೊಟ್ಟಿಯಲ್ಲಿ ಅಲೆಯಿಂದ ಅಲೆಗೆ ಎತ್ತಿಹಾಕಿಸಿಕೊಳ್ಳುತ್ತ ಸವಾರಿ ಮಾಡಬೇಕು. ದೋಣಿಯ ಓಟ ಹೇಗಿತ್ತೆಂದು ತೀರ್ಪು ಕೊಡಲು ಅದಕ್ಕಿಂತ ಯೋಗ್ಯ ಪ್ರಯಾಣಿಕ ಇನ್ನೊಬ್ಬನಿಲ್ಲ. ತೊಟ್ಟಿ ತುಂಬಿ, ಒರಟು ನೀರಲ್ಲಿ 20 ಕಿಲೋಮೀಟರ್ ಓಡಿಸಿ, ಇಳಿಯುವಾಗ ಅದು ಇನ್ನೂ ಬಾಲ ಬಡಿಯುತ್ತಿದೆಯೇ ಎಂದು ನೋಡಿದರೆ ಮುಗಿಯಿತು.