ದರ್ಶಿನಿಯಲ್ಲಿ ನೇಮಕಾತಿ: ಒಂದು ಶಾಸ್ತ್ರೀಯ ವಿವೇಚನೆ

ಬೆಂಗಳೂರಿನ ದರ್ಶಿನಿ ಹೋಟೆಲುಗಳ ನೇಮಕಾತಿ ಪದ್ಧತಿಯನ್ನು ಅಭ್ಯಾಸ ಮಾಡಹೊರಟವನಿಗೆ ಮೊದಲು ಎದುರಾಗುವ ಆಕರ, ‘ಕೆಲಸಕ್ಕೆ ಜನ ಬೇಕಾಗಿದ್ದಾರೆ, ಊಟ ವಸತಿ ಉಚಿತ’ ಎಂಬ ಫಲಕ. ಇದು ನಿತ್ಯವೋ ಅನಿತ್ಯವೋ? ಜನ ಸಿಕ್ಕೊಡನೆ ತೆಗೆಯಬೇಕಾದ್ದರಿಂದ ಅನಿತ್ಯ ಎಂಬುದು ಪೂರ್ವಪಕ್ಷ. ತೆಗೆದದ್ದನ್ನು ಕಂಡವರಿಲ್ಲ, ಮೇಲಾಗಿ ಅದಕ್ಕೆ ಲ್ಯಾಮಿನೇಷನ್ ಆಗಿದೆ. ಆದಕಾರಣ ನಿತ್ಯ ಎಂಬುದು ಸಿದ್ಧಾಂತ.

ಚರಿತ್ರೆಯತ್ತ ಬರೋಣ. ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದದ್ದು 1983ರಲ್ಲಿ. ಅದಕ್ಕೆ ಮುಂಚೆ ಹೋಟೆಲೆಂದರೆ ಕರಾವಳಿಯಿಂದ ಬಂದ ಮಾಣಿ ನೀರಿಟ್ಟು, ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ದರ್ಶಿನಿ ಕುರ್ಚಿ ತೆಗೆಯಿತು, ಕುರ್ಚಿಯ ಹಿಂದೆಯೇ ಮಾಣಿಯೂ ಹೋದ. ಈಗ ಗಿರಾಕಿಯೇ ಸಾಲಿನಲ್ಲಿ ನಿಂತು, ಟೋಕನ್ ಕೊಟ್ಟು, ತಟ್ಟೆ ಹೊತ್ತು, ಜಾಗ ಹುಡುಕಿ, ತಿಂದ ಮೇಲೆ ತಟ್ಟೆಯನ್ನು ತೊಟ್ಟಿಗೂ ಹಾಕುತ್ತಾನೆ. ಸಂದರ್ಶನವಿಲ್ಲ, ಸಂಬಳವಿಲ್ಲ, ಕೈಯಿಂದಲೇ ದುಡ್ಡು ಕೊಟ್ಟು ಕೆಲಸಕ್ಕೆ ಸೇರುವ ಸಿಬ್ಬಂದಿ. ನೇಮಕಾತಿಯಲ್ಲಿ ಇದನ್ನು ಮೀರಿಸಿದ ಸಾಧನೆ ಪ್ರಸ್ತುತ ಲೇಖಕನ ಗಮನಕ್ಕೆ ಬಂದಿಲ್ಲ.

ಉಳಿದದ್ದು ಒಳಗಿನವರ ವಿಚಾರ. ಸಂದರ್ಶನ ಗಲ್ಲಾದ ಮುಂದೆ, ಚಿಲ್ಲರೆ ಎಣಿಸುವ ನಡುವೆ ನಡೆಯುತ್ತದೆ.

‘ಯಾವೂರಪ್ಪಾ?’

‘ಒಡಿಶಾ, ಸಾರ್.’

‘ಮೊದಲು ಎಲ್ಲಿದ್ದೆ?’

ಅಭ್ಯರ್ಥಿ ಎದುರು ಹೋಟೆಲಿನತ್ತ ಕೈ ತೋರುತ್ತಾನೆ. ಯಾಕೆ ಬಿಟ್ಟೆ ಎಂಬ ಪ್ರಶ್ನೆ ಮುಗಿಯುವಷ್ಟರಲ್ಲಿ ಏಪ್ರನ್ ಅವನ ಕೊರಳಿಗೆ ಬಿದ್ದಿರುತ್ತದೆ. ಎದುರು ಹೋಟೆಲಿನಿಂದ ಬಂದವನು ಅನುಭವಿ, ಎದುರು ಹೋಟೆಲಿಗೆ ಹೋದವನು ಕೃತಘ್ನ. ಒಬ್ಬನಲ್ಲೇ ಈ ಎರಡು ಗುಣಗಳು ಹುಟ್ಟಲು ರಸ್ತೆ ದಾಟುವಷ್ಟು ಹೊತ್ತು ಸಾಕು.

ತರಬೇತಿಯ ಪಠ್ಯ ಒಂದೇ ವಾಕ್ಯದ್ದು: ‘ಅವನ ಜೊತೆ ನಿಂತ್ಕೋ.’ ಅವನು ನಿನ್ನೆ ಬಂದವನು. ಭಾಷಾಬೋಧನೆ ಮಾತ್ರ ಬೆರಗು ಹುಟ್ಟಿಸುವಂಥದು. ವರ್ಣಮಾಲೆಯ ಹಂಗಿಲ್ಲದೆ, ಸಂಜೆಯೊಳಗೆ, ಹೊಸಬ ‘ಸಾಂಬಾರ್ ಮಿಕ್ಸಾ, ಸಪರೇಟಾ?’ ಎಂದು ತಪ್ಪಿಲ್ಲದೆ ಕೇಳುತ್ತಾನೆ. ನಗರದಲ್ಲಿ ವರ್ಷಾನುಗಟ್ಟಲೆ ಇದ್ದೂ ‘ಕನ್ನಡ ಗೊತ್ತಿಲ್ಲ’ ಎಂಬಷ್ಟನ್ನೇ ಕಲಿತವರು ಈ ಗುರುಕುಲವನ್ನು ಗಮನಿಸಬೇಕು.

ಇನ್ನು ಕಾನೂನು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೇಮಕಾತಿ ಆದೇಶವನ್ನು 30 ದಿನದೊಳಗೆ ಕೊಡಬೇಕೆನ್ನುತ್ತದೆ. ಮಾಲೀಕರು ಇದನ್ನು 30 ದಿನ ಕಾದು ನೋಡಿ ಎಂದು ಅರ್ಥೈಸಿದ್ದಾರೆ. ಅಷ್ಟರಲ್ಲಿ ಹುಡುಗ ರಸ್ತೆ ದಾಟಿರುತ್ತಾನೆ. ಭವಿಷ್ಯ ನಿಧಿ 20 ಜನರಿದ್ದಲ್ಲಿ ಅನ್ವಯವಾಗುವುದರಿಂದ, ಎಷ್ಟೇ ಕೌಂಟರ್ ತೆರೆದರೂ ಸಿಬ್ಬಂದಿ 19ರಲ್ಲೇ ನಿಲ್ಲುವ ಗಣಿತವೂ ಬೆಳೆದಿದೆ. ಭಾವಮೈದುನ ಎಣಿಕೆಗೆ ಸೇರುವುದಿಲ್ಲ, ಅವನು ಮನೆಯವನು. ಪಾತ್ರೆ ತೊಳೆಯುವಾಕೆ ಸೇರುವುದಿಲ್ಲ, ಆಕೆ ಬೆಳಿಗ್ಗೆ ಮಾತ್ರ ಬರುವವಳು. ಇಷ್ಟಾಗಿಯೂ ಒಬ್ಬ ಹೆಚ್ಚಾಗಿ, ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದರೆ, ಅವನ ಏಪ್ರನ್ ಬಿಚ್ಚಿಸಿ ಕೈಗೆ ಇಡ್ಲಿ-ವಡೆಯ ತಟ್ಟೆ ಕೊಟ್ಟು ಹೊರಗೆ ನಿಲ್ಲಿಸುತ್ತಾರೆ. ಗಿರಾಕಿ ನೌಕರನಾಗಬಹುದಾದರೆ ನೌಕರ ಗಿರಾಕಿಯಾಗಲು ಶಾಸ್ತ್ರದ ಅಡ್ಡಿಯಿಲ್ಲ. ಆ ಇಡ್ಲಿಯ ದುಡ್ಡನ್ನು ಅವನ ಸಂಬಳದಲ್ಲಿ ಹಿಡಿಯಬಹುದೇ ಎಂಬ ಬಗ್ಗೆ ಮಾತ್ರ ಮಾಲೀಕರಲ್ಲಿ ಎರಡು ಪಂಥಗಳಿವೆ.