ಸೆಲ್ವನ ಕೋಣೆ

ಅಲ್ಲಾ ರೀ, ಮಲಯಾಳಂ ಚಿತ್ರ ‘ಹೃದಯಂ’ ನೋಡಿದವರೆಲ್ಲ ಅದರ ನಾಯಕ ಅರುಣನಿಗೆ ದರ್ಶನಾ ಸರಿಯೋ ನಿತ್ಯಾ ಸರಿಯೋ ಅಂತ ವಾದಕ್ಕೆ ಕೂರ್ತಾರಲ್ಲ, ಆ ಸೆಲ್ವನ ಹೆಸರು ಯಾಕೆ ಒಬ್ಬರ ಬಾಯಲ್ಲೂ ಬರಲ್ಲ? ನಿಮ್ಮ ಮಗ ಇಂಜಿನಿಯರಿಂಗಿಗೆ ಚೆನ್ನೈಗೆ ಹೊರಟಿದ್ದಾನೆ ಅಂತ ಕೇಳಿದ್ದಕ್ಕೇ ಇದನ್ನ ತೆಗೀತಿದ್ದೀನಿ. ಅವನು ಹೋಗೋಕೆ ಮುಂಚೆ ಮನೆಮಂದಿಯೆಲ್ಲ ಕೂತು ಒಂದ್ಸಲ ನೋಡಿಬಿಡಿ. ಹತ್ತಿರ ಹತ್ತಿರ 3 ಗಂಟೆ ಇದೆ, ಇರಲಿ.

ನಿರ್ದೇಶಕ ವಿನೀತ್ ಶ್ರೀನಿವಾಸನ್ ಇದ್ದಾರಲ್ಲ, ಅವರೂ ಹೀಗೇ ಕೇರಳ ಬಿಟ್ಟು ಚೆನ್ನೈನ ಕೆಸಿಜಿ ಕಾಲೇಜಿಗೆ ಬಂದು ಓದಿದವರು. ಹೆಂಡತಿ ದಿವ್ಯಾ ಪರಿಚಯವಾಗಿದ್ದೂ ಅಲ್ಲೇ. ಅದೇ ಕಾಲೇಜಿಗೆ ಕ್ಯಾಮೆರಾ ಹೊತ್ಕೊಂಡು ಹೋಗಿ ಚಿತ್ರ ಮಾಡಿದ್ದಾರೆ, ದಿವ್ಯಾ ಒಂದು ಹಾಡನ್ನೂ ಹಾಡಿದ್ದಾರೆ. ಅದಕ್ಕೇ ಇರಬೇಕು, ಆ ಹಾಸ್ಟೆಲ್ಲಲ್ಲಿ ಹುಡುಗರು ನಿಜವಾಗಿ ಇದ್ದುಹೋಗಿದ್ದಾರೆ ಅನ್ನಿಸುತ್ತೆ.

ಅರುಣ ಅಂಥಾ ಚಿನ್ನದಂಥ ಹುಡುಗನೇನಲ್ಲ, ಮೊದಲೇ ಹೇಳಿರ್ತೀನಿ. ಸೀನಿಯರ್‌ಗಳ ಕೈಲಿ ರ್‍ಯಾಗಿಂಗ್ ತಿಂತಾನೆ, ದರ್ಶನಾಳನ್ನ ಪ್ರೀತಿಸ್ತಾನೆ, ತನ್ನದೇ ತಪ್ಪಿಂದ ಅವಳನ್ನ ಕಳ್ಕೊಳ್ತಾನೆ. ಆಮೇಲೆ ಕುಡಿತ, ಪುಂಡಾಟ. ತಾನು ಅನುಭವಿಸಿದ್ದನ್ನೇ ಜೂನಿಯರ್‌ಗಳ ಮೇಲೆ ತೀರಿಸ್ಕೊಳ್ಳೋಕೆ ಶುರು ಮಾಡ್ತಾನೆ. ಮೋಹನ್‌ಲಾಲ್ ಮಗ ಪ್ರಣವ್ ಆ ಪಾತ್ರ ಮಾಡಿದ್ದು. ದೊಡ್ಡ ಮನೆಯ ಹುಡುಗನನ್ನ ನಾಯಕ ಮಾಡ್ಕೊಂಡು ಅವನನ್ನ ಇಷ್ಟು ಸಣ್ಣವನಾಗಿ ತೋರಿಸೋಕೆ ಧೈರ್ಯ ಬೇಕು ರೀ. ಇಷ್ಟೆಲ್ಲ ಆಗೋ ಹೊತ್ತಿಗೆ ಅರುಣ ಫೇಲಾದ ಪೇಪರ್‌ಗಳು ರಾಶಿ ಬಿದ್ದಿರ್ತವೆ.

ಆಗ ಬರ್ತಾನೆ ನೋಡಿ ಸೆಲ್ವ. ಬಡವರ ಮನೆ ತಮಿಳು ಹುಡುಗ. ಓದಿನಲ್ಲಿ ಹಿಂದೆ ಬಿದ್ದವರನ್ನೆಲ್ಲ ಕೂರಿಸ್ಕೊಂಡು ಪಾಠ ಹೇಳ್ತಾನೆ. ಫೀಸಿಲ್ಲ, ಹೆಸರಿನ ಆಸೆ ಇಲ್ಲ. ಇಂಗ್ಲಿಷಿಗೆ ತಡವರಿಸೋ ಮಕ್ಕಳ ಮಧ್ಯೆ ಈ ಮಲಯಾಳಿ ಪುಂಡನೂ ಪುಸ್ತಕ ಹಿಡ್ಕೊಂಡು ಕೂರ್ತಾನೆ. ಇಷ್ಟು ದಿನ ಏನು ಮಾಡ್ತಿದ್ದೆ ಅಂತ ಅಲ್ಲಿ ಅವನಿಗೆ ಯಾರೂ ವಿಚಾರಣೆ ನಡೆಸಲ್ಲ, ಜಾಗ ಬಿಡ್ತಾರೆ ಅಷ್ಟೇ. ಸೆಲ್ವನ ಪಾತ್ರ ಮಾಡಿದ್ದು ಕಲೇಶ್ ರಾಮಾನಂದ್ ಅನ್ನೋ ನಟ. ಒಂದು ಸಲವೂ ದನಿ ಏರಿಸಿ ಉಪದೇಶ ಮಾಡಲ್ಲ. ಆ ಸೆಲ್ವ ಅಪಘಾತದಲ್ಲಿ ಹೋಗಿಬಿಡ್ತಾನೆ. ಇಡೀ ಚಿತ್ರದಲ್ಲಿ ನನ್ನ ಗಂಟಲು ಕಟ್ಟಿದ್ದು ಅಲ್ಲೇ.

ಮನೆ ಬಿಟ್ಟು ಹೋದ ಮಕ್ಕಳನ್ನ ಬೆಳೆಸೋದು ಕಾಲೇಜಲ್ಲ ರೀ, ಪಕ್ಕದ ಮಂಚದಲ್ಲಿ ಮಲಗೋ ಇನ್ನೊಂದು ಮಗು. ನಾವು ಕಾಲೇಜಿನ ರ್‍ಯಾಂಕಿಂಗ್ ನೋಡ್ತೀವಿ, ಪ್ಲೇಸ್‌ಮೆಂಟ್ ಕೇಳ್ತೀವಿ, ರೂಮಲ್ಲಿ ಜೊತೆಗೆ ಯಾರಿದ್ದಾರೆ ಅಂತ ವಿಚಾರಿಸೋದೇ ಇಲ್ಲ.

ನಮ್ಮ ಬೆಂಗಳೂರಿನಲ್ಲೇ ನಡೆಯೋ ‘ಆವೇಶಂ’ ಚಿತ್ರ ನೆನಪಿದೆಯಲ್ಲ, 2024ರದ್ದು? ಅಲ್ಲೂ ಇಂಜಿನಿಯರಿಂಗಿಗೆ ಬಂದ ಮೂರು ಮಲಯಾಳಿ ಹುಡುಗರು, ಅಲ್ಲೂ ಸೀನಿಯರ್‌ಗಳ ಕಾಟ. ಇವರಿಗೆ ಸೆಲ್ವ ಸಿಗಲ್ಲ, ರಂಗ ಅನ್ನೋ ರೌಡಿ ಸಿಗ್ತಾನೆ. ಪ್ರೀತಿಗೇನೂ ಕಮ್ಮಿ ಮಾಡಲ್ಲ ಅವನು, ಓದು ಮಾತ್ರ ಮೂರಾಬಟ್ಟೆ. ಆ ಹುಡುಗರಲ್ಲಿ ಒಬ್ಬನ ತಾಯಿ ಫೋನಿನಲ್ಲಿ ರಂಗನನ್ನೂ ಖುಷಿಯಾಗಿದ್ದೀರಾ ಅಂತ ವಿಚಾರಿಸ್ತಾರಲ್ಲ, ಆ ರೌಡಿಯೂ ಕರಗೋದು ಆಕೆಯ ಆ ಒಂದು ಮಾತಿಗೇ. ನೀವೂ ಫೋನ್ ಮಾಡಿದಾಗ ಮಗನ ರೂಮ್‌ಮೇಟ್ ಜೊತೆ ಎರಡು ಮಾತಾಡಿ.

‘ಹೃದಯಂ’ನ ದ್ವಿತೀಯಾರ್ಧ ನನಗೆ ಅಷ್ಟು ಹಿಡಿಸಲಿಲ್ಲ. ಅರುಣ ಮದುವೆಗಳ ಫೋಟೋ ತೆಗೆಯೋಕೆ ಹೋಗ್ತಾನೆ, ನಿತ್ಯಾ ಸಿಗ್ತಾಳೆ, ಎಲ್ಲಾ ಸಲೀಸು. ನಿತ್ಯಾ ಆಗಿ ಕಲ್ಯಾಣಿ ಪ್ರಿಯದರ್ಶನ್ ಲಕ್ಷಣವಾಗಿದ್ದಾಳೆ ನಿಜ, ಬನ್ ಪರೋಟ ತಿನ್ನೋ ಆ ದೃಶ್ಯ ಕೇರಳದ ಹೋಟೆಲ್‌ಗಳಲ್ಲಿ ಅದಕ್ಕೆ ಹೊಸ ಗಿರಾಕಿಗಳನ್ನೇ ತಂದಿತು, ಅದೂ ನಿಜ. ಆದರೂ ದರ್ಶನಾ ಪಾತ್ರ ಮಾಡಿದ ದರ್ಶನಾ ರಾಜೇಂದ್ರನ್ ಮುಖದಲ್ಲಿ ಸಿಟ್ಟು, ಅಕ್ಕರೆ ಒಟ್ಟೊಟ್ಟಿಗೇ ಹಾದುಹೋಗ್ತವಲ್ಲ, ಅಂಥದ್ದೊಂದು ಕೆಲಸ ನಿತ್ಯಾಗೆ ಬರೆದೇ ಇಲ್ಲ.

ಇಷ್ಟಾದರೂ ಜನ ಕೈಬಿಡಲಿಲ್ಲ ನೋಡಿ. 2022ರ ಜನವರಿ 21ಕ್ಕೆ ಬಿಡುಗಡೆಯಾಗಿದ್ದು. ಕೋವಿಡ್‌ನ ಮೂರನೇ ಅಲೆ ನೆತ್ತಿ ಮೇಲಿತ್ತು, ಕೇರಳದಲ್ಲಿ ಭಾನುವಾರಗಳಿಗೆ ನಿರ್ಬಂಧ ಬೇರೆ. ಮುಂದಕ್ಕೆ ಹಾಕೋಣ ಅನ್ನದೆ ತೆರೆಗೆ ತಂದರು, ಗೆದ್ದರು. ಜನಪ್ರಿಯ ಚಿತ್ರಕ್ಕೆ ಕೊಡೋ ಕೇರಳ ರಾಜ್ಯ ಪ್ರಶಸ್ತಿಯೂ ಬಂತು, ಹೇಶಾಮ್ ಅಬ್ದುಲ್ ವಹಾಬ್‌ಗೆ ಸಂಗೀತದ ಪ್ರಶಸ್ತಿಯೂ ಬಂತು. 15 ಹಾಡು ರೀ! ತ್ಯಾಗರಾಜರ ‘ನಗುಮೋಮು’ ಕೂಡ ಸೇರಿಕೊಂಡಿದೆ. ಹಾಡು ಬಂತು ಅಂತ ಮನೇಲಿ ಯಾರಾದರೂ ರಿಮೋಟ್ ಒತ್ತಿ ಓಡಿಸೋಕೆ ಹೊರಟರೆ ಬಿಡಬೇಡಿ. ಅರುಣನ ಎಷ್ಟೋ ವರ್ಷಗಳು ಆ ಹಾಡುಗಳಲ್ಲೇ ಕಳೀತವೆ. ಅವನ್ನ ಹಾರಿಸಿದರೆ ಯಾರು ಯಾವಾಗ ಬದಲಾದರು ಅನ್ನೋದೇ ಗೊತ್ತಾಗಲ್ಲ.